ಡಬಲ್ ಹೊಲಿಗೆ

ಮಂಗಳವಾರ ಸಂಜೆ ಕರೆಂಟು ಹೋಯಿತು.
ಕಂಕನಾಡಿಯ ಈ ಒಂದೂವರೆ ಬಾಗಿಲಿನ ಅಂಗಡಿಯಲ್ಲಿ
ಮೂರು ಹೆಂಗಸರು, ಒಂದು ಮೇಣದ ಬತ್ತಿ.
ರವಿಕೆಯ ಅಳತೆ ಕತ್ತರಿಸುವ ಖಾಕಿ ಕಾಗದದ ಮೇಲೆ
ನೀಲಿ ಸುಣ್ಣದಲ್ಲಿ ಬರೆದೆ: ಕಲ್ಲಿಕೋಟೆ.
ಅಡಿಗೆ ಒಂದು ಗೆರೆ ಎಳೆದೆ,
ತೋಳಿನ ಅಂಚಿಗೆ ಎಳೆಯುವ ಹಾಗೆ.

ಶನಿವಾರ ಬೆಳಿಗ್ಗೆ ಐದರ ಪರಶುರಾಮ.
ಜನರಲ್ ಡಬ್ಬಿ, ಮೂರು ಟಿಕೆಟು.
"ಕಿಟಕಿ ನನಗೆ," ಅಂದಳು ಅವ್ವಮ್ಮ.
ಉಳ್ಳಾಲದಾಚೆ ರೈಲಿನಲ್ಲಿ ಹೋಗದೆ
ಹನ್ನೊಂದು ವರ್ಷವಾಯಿತಂತೆ.
"ನಿನ್ನ ಮೊಣಕಾಲು?"
"ಮೊಣಕಾಲಿಗೆ ಎಂತಕ್ಕೆ ಕಿಟಕಿ ಮಾರಾಯ್ತಿ,
ಕಣ್ಣಿಗೆ ಬೇಕಾದ್ದು."

ರಾತ್ರಿಗೆ ಕಲ್ಲಾಯಿಯಲ್ಲಿ ಅವಳ ನಾದಿನಿಯ ಮಗಳ ಮನೆ.
ಚಾಪೆ ಉಂಟು, ಫ್ಯಾನು ಉಂಟು,
ಮಾತು ಸ್ವಲ್ಪ ಜಾಸ್ತಿಯೇ ಉಂಟು.
ಆದಿತ್ಯವಾರದ ಪೂಜೆ ತಪ್ಪುತ್ತದಲ್ಲ ಅಂದರೆ
"ಕಲ್ಲಿಕೋಟೆಯಲ್ಲಿ ಇಗರ್ಜಿ ಇಲ್ಲವಾ, ಜಾಸಿಂತಾ?
ದಾರಿ ನಾನೇ ಕೇಳಿ ಕೊಡ್ತೇನೆ."
ಅದನ್ನೂ ಬರೆದೆ: ಇಗರ್ಜಿ, ಅವ್ವಮ್ಮನ ಜವಾಬ್ದಾರಿ.

ಇಷ್ಟೆಲ್ಲ ಒಂದು ಆಟಕ್ಕೆ.
ನಾವು ಮೂವರೂ ಹುಟ್ಟಿದ ಮೇಲೆ ನೋಡದ ಆಟಕ್ಕೆ.

ಜೂನಿನಲ್ಲಿ ಹರಿಣಾಕ್ಷಿಯ ತಂಗಿ ಶ್ರಮಿತಾ
ನೆನೆದ ಕೊಡೆಯನ್ನು ಬಾಗಿಲಲ್ಲಿ ಬಿಟ್ಟು ಬಂದಿದ್ದಳು:
"ಆಂಟೀ, ಬೇಸ್‌ಬಾಲ್ ಟೀಮಿಗೆ ಹದಿನಾಲ್ಕು ಪ್ಯಾಂಟು."
ಡಬ್ಬಿಯಿಂದ ನಾಲ್ಕು ಗುಂಡಿ ತೆಗೆದು ಮೇಜಿನ ಮೇಲಿಟ್ಟಳು.
ಇಲ್ಲಿಂದ ಓಡುವುದು, ಇದನ್ನು ಮುಟ್ಟುವುದು,
ಇದನ್ನು, ಮತ್ತೆ ಇದನ್ನು,
ಕೊನೆಗೆ ತಿರುಗಿ ಇಲ್ಲಿಗೇ.
"ಹೊರಟಲ್ಲಿಗೇ ಬರುವುದಾದರೆ ಓಡುವುದು ಎಂತಕ್ಕೆ?"
ಅವ್ವಮ್ಮನ ಪ್ರಶ್ನೆ.
"ಅಜ್ಜೀ, ಅದಕ್ಕೇ ಅಂಕ."
"ಮೂವತ್ತು ವರ್ಷ ಬುಟ್ಟಿ ಹೊತ್ತೆ,
ಮನೆಯಿಂದ ಬಂದರು, ಬಂದರಿನಿಂದ ಮನೆ.
ನನ್ನ ಅಂಕ ಎಷ್ಟಾಯಿತು, ಲೆಕ್ಕ ಹಾಕು."

ಹೋಗುವಾಗ ಹುಡುಗಿ ಸೊಂಟದ ಎಡಬದಿ ಮುಟ್ಟಿ ತೋರಿಸಿದಳು:
"ಕೊನೆಗೆ ಮಣ್ಣಲ್ಲಿ ಜಾರಿ ಬೀಳಬೇಕು, ಆಂಟೀ.
ಇಲ್ಲಿ ಹರಿಯಬಾರದು."
ಉಳಿದ ಹದಿಮೂರಕ್ಕೆ ಒಂದು ಹೊಲಿಗೆ.
ಅವಳದ್ದಕ್ಕೆ ಎರಡು.

ಪಟ್ಟಿ ಇಳಿಯುತ್ತ ಹೋಯಿತು.
ಪುಂಡಿ ಹದಿನೈದು. ಮೊಣಕಾಲಿನ ಎಣ್ಣೆ.
ಒಣ ಸಿಗಡಿ ಚಟ್ನಿ (ಬೇಡ, ಡಬ್ಬಿಯಿಡೀ ನಾರುತ್ತದೆ)
(ಬೇಕು, ಅಂದಳು ಅವ್ವಮ್ಮ).
ಕಾಜಾ ಹೊಲಿಯುತ್ತಿದ್ದ ಹರಿಣಾಕ್ಷಿ ಮಾತ್ರ
ಸೂಜಿಗೆ ನೂಲು ಪೋಣಿಸಿ, ತೆಗೆದು, ಮತ್ತೆ ಪೋಣಿಸಿದಳು.
"ಅವಳು ಒಂಬತ್ತು ಜನರಲ್ಲಿ ಇಲ್ಲ.
ಹೊರಗೆ ಕೂರಿಸುತ್ತಾರಂತೆ. ನಿನ್ನೆಯೇ ಹೇಳಿದಳು.
ಮೂವರ ಟಿಕೆಟು, ಸುಮ್ಮನೆ ದಂಡ..."

ಬತ್ತಿಯ ಮೇಣ ಮೇಜಿಗೆ ಇಳಿಯಿತು.
ಯಾರೂ ಒರೆಸಲಿಲ್ಲ.

"ಕೂತದ್ದನ್ನೇ ನೋಡಿ ಬರುವ," ಅಂದಳು ಅವ್ವಮ್ಮ.
"ಆ ಹುಡುಗಿ ಒಂದು ಕಡೆ ಕೂತದ್ದನ್ನು
ನಾನಂತೂ ಈವರೆಗೆ ಕಂಡದ್ದಿಲ್ಲ."

ಹರಿಣಾಕ್ಷಿ ನಕ್ಕಳೋ ಅತ್ತಳೋ
ಆ ಬೆಳಕಿಗೆ ತಿಳಿಯಲಿಲ್ಲ.
ಅಷ್ಟರಲ್ಲಿ ಕರೆಂಟು ಬಂತು.
ಫ್ಯಾನಿನ ಗಾಳಿಗೆ ಕಲ್ಲಿಕೋಟೆ ಹಾರಿ
ಬಿಜೈಯ ಮದುಮಗಳ ಏಳು ರವಿಕೆಗಳ ಮೇಲೆ ಕೂತಿತು.
ಶನಿವಾರ ಕೊಡಬೇಕಾದವು.
ಫೋನು ಮಾಡಿದೆ: ಮಿಷನ್ ಕೆಟ್ಟಿದೆ, ಸೋಮವಾರ ಖಂಡಿತ.
ಆ ಸುಳ್ಳನ್ನು ಖರ್ಚಿನ ಕೆಳಗೆ ಬರೆದುಕೊಂಡೆ,
ತೀರಿಸುವುದು ಕಲ್ಲಿಕೋಟೆಯ ಪಾದ್ರಿಯ ಹತ್ತಿರ.

ಇಪ್ಪತ್ತೆಂಟು ವರ್ಷ ಹೊಲಿದೆ.
ಕೊಟ್ಟ ಬಟ್ಟೆ ಕೊಳೆಯಾಗಬಾರದು,
ಇಸ್ತ್ರಿ ಮುರಿಯಬಾರದು, ಅಷ್ಟೇ ಬೇಡಿಕೊಂಡದ್ದು.
ಅವರಿಬ್ಬರೂ ಬಸ್ಸಿಗೆ ಹೋದ ಮೇಲೆ
ಅರ್ಧ ಎಳೆದ ಶಟರಿನ ಅಡಿಯಲ್ಲಿ ನಿಂತು
ಕಾಗದ ಮತ್ತೆ ಬಿಡಿಸಿದೆ.
ಕೊನೆಯಲ್ಲಿ ಸ್ವಲ್ಪ ಜಾಗ ಉಳಿದಿತ್ತು.
ಬರೆದೆ: ಬಟ್ಟೆ ಸೋಪು, ಒಂದು.
ಕೆಂಪು ಮಣ್ಣಿಗೆ ಆಗುವಂಥದ್ದು.