ಮೂರು ಸಾವಿರ ಅಡಿಯ ತನಕ

ಜೋಗಿಮಟ್ಟಿಯ ಬೆನ್ನಿಗಿರುವ ಗುಡ್ಡದಲ್ಲಿ
ಹದಿನೇಳನೇ ಗಾಳಿಕಂಬ ನನ್ನದು.
ನನ್ನದೆಂದರೆ, ಬೋಲ್ಟು ಬಿಗಿಯುವುದು, ಗ್ರೀಸು ತುಂಬುವುದು,
ಸಂಜೆ ಮೀಟರು ನೋಡಿ
ನೀಲಿ ಪುಸ್ತಕಕ್ಕೆ ಯೂನಿಟ್ಟು ಇಳಿಸುವುದು.
ಕರೆಂಟು ಎಲ್ಲಿಗೆ ಹೋಗುತ್ತದೆಂದು ಒಂಬತ್ತು ವರ್ಷ ಕೇಳಲಿಲ್ಲ.
ಗಾಳಿಗೆ ಯಾರು ಊರು ಕೇಳುತ್ತಾರೆ?

ಆಷಾಢದಲ್ಲಿ ಜೀಪು ಹತ್ತಿ ಬಂದಳು ರುಬೀನಾ ಸವಣೂರ,
ಕರಾವಳಿಯ ಯಾವುದೋ ವಿಮಾನ ನಿಲ್ದಾಣದ ಹೊಗೆ ಲೆಕ್ಕದವಳು.
ಕಾಗದದ ಮೇಲೆ ಕಲ್ಲಿಟ್ಟು, ಕಲ್ಲಿನ ಮೇಲೆ ಕೈಯಿಟ್ಟು,
"ನಿಮ್ಮ ಕಂಬದ ಕರೆಂಟು ನಾವು ಕೊಂಡಿದ್ದೀವಿ ಓಬಳೇಶಣ್ಣ,
ನಿಜಕ್ಕೂ ತಿರುಗುತ್ತಾ ನೋಡಬೇಕಿತ್ತು."

ತಿರುಗುತ್ತಿತ್ತು.
ಆಷಾಢದಲ್ಲಿ ಇಲ್ಲಿ ಆಡಿದ ಮಾತೂ ತಿರುಗುತ್ತದೆ.

ಕಿರಾಣಿ ಚೀಟಿಯಂತೆ ಓದಿದಳು:
ಜನರೇಟರು ಕುಡಿದ ಡೀಸೆಲ್ಲು,
ಪೆಟ್ಟಿಗೆ ಎಳೆಯುವ ಟ್ರ್ಯಾಕ್ಟರು, ಅವಕ್ಕೀಗ ಬ್ಯಾಟರಿ,
ನಿಂತ ವಿಮಾನಕ್ಕೆ ನೆಲದಿಂದಲೇ ಕರೆಂಟಿನ ಹಗ್ಗ,
ಬಾಲದ ಸಣ್ಣ ಎಂಜಿನ್ನು ಸುಮ್ಮನೆ ಉರಿಯದಿರಲೆಂದು,
ಬೆಂಕಿ ಆರಿಸುವವರು ಅಭ್ಯಾಸಕ್ಕೆ ತಾವೇ ಹಚ್ಚುವ ಬೆಂಕಿ
(ಇದಕ್ಕೂ ಒಂದು ಸಾಲಿದೆ ಎಂದು ನಕ್ಕಳು),
ಬೀಗರನ್ನು ಬಿಟ್ಟು ಖಾಲಿ ಮರಳುವ ಕಾರು,
ಹುಬ್ಬಳ್ಳಿಯಿಂದ ಇಲ್ಲಿಗೆ ಬಂದ ಅವಳ ಜೀಪು.

"ವಿಮಾನದ್ದು?"
"ಇಳಿಯೋದು, ಏರೋದು. ಮೂರು ಸಾವಿರ ಅಡಿ ತನಕ ನಮ್ಮ ಪುಸ್ತಕ."
"ಆಮೇಲೆ?"
ಪೆನ್ನಿನ ಕ್ಯಾಪು ಹಾಕಿದಳು, ತೆಗೆದಳು.
"ಆಮೇಲಿಂದು ಬೇರೆ ಪುಸ್ತಕ."

ಕಂಬದ ನೆರಳಿಗೆ ಕುರಿ ತಂದಿದ್ದ ಕಾಟಯ್ಯ
ಅಷ್ಟೂ ಕೇಳಿಸಿಕೊಂಡು ಕಂಬಳಿ ಕೊಡವಿದ:
"ಇದರಾಗೇನೈತೆ? ನಾವು ಮಂದೆ ನಿಲ್ಲಸಾದಿಲ್ವಾ?
ಕುರಿ ಮೇಯಾದು ಒಬ್ಬನ ಬೀಳಿನಾಗೆ,
ಹಿಕ್ಕೆ ಹಾಕಾದು ಇನ್ನೊಬ್ಬನ ಹೊಲದಾಗೆ,
ರಾತ್ರಿಗಿಷ್ಟು ಅಂತ ಅವನು ದುಡ್ಡು ಕೊಡ್ತಾನೆ.
ಆದರೆ ತಾಯಿ, ಬೆಳಿಗ್ಗೆ ಹೊಲಕ್ಕೆ ಹೋಗಿ
ಹಿಕ್ಕೆ ಐತೋ ಇಲ್ಲೋ ನೋಡೇ ಕೊಡ್ತಾನೆ."

ಅದಕ್ಕೇ ಬಂದಿದ್ದಳು ಅವಳು.
ನೀಲಿ ಪುಸ್ತಕ ಕೇಳಿದಳು.
ಬೆರಳು ಮಾಘದಲ್ಲಿ ನಿಂತಿತು.
"ಈ ಹನ್ನೊಂದು ದಿನ ಬರೇ ಗೆರೆ?"

ಗೇರ್‌ಬಾಕ್ಸು ಸೀಳಿತ್ತು. ಹಲ್ಲು ಬರಲು ಹನ್ನೊಂದು ದಿನ.
ರೆಕ್ಕೆ ಮೂರೂ ಸತ್ತ ಹದ್ದಿನಂತೆ ನೇತಿದ್ದವು.
ಅವಳ ಲ್ಯಾಪ್‌ಟಾಪಿನಲ್ಲಿ ಮಾತ್ರ
ಆ ಹನ್ನೊಂದು ದಿನವೂ ನನ್ನ ಕಂಬ ತಿರುಗಿತ್ತು,
ದಿನಕ್ಕಿಷ್ಟೆಂದು, ಒಂದೇ ಸಮ,
ಯಾವ ಗಾಳಿಯೂ ಹಾಗೆ ಬೀಸುವುದಿಲ್ಲ.

ನಾನು ಸುಳ್ಳು ಹೇಳಬಹುದಿತ್ತು.
ಕೆಳಗೆ ಆಫೀಸಿನಿಂದ ಮ್ಯಾನೇಜರು ಮೂರು ಸಲ ಫೋನು ಮಾಡಿದ.
ಗ್ರೀಸಿನ ಕೈ, ಎತ್ತಲಿಲ್ಲ.
"ನಿಂತಿತ್ತು," ಎಂದೆ.

ಅವಳು ಹೊಗಳಲಿಲ್ಲ, ಬೈಯಲಿಲ್ಲ.
ಒಂದು ಸಂಖ್ಯೆ ಹೊಡೆದು ಹಾಕಿ ಪಕ್ಕದಲ್ಲಿ ಬರೆದಳು: ಕಲ್ಲಿದ್ದಲು.
ಎಲ್ಲೋ ಕಡಲ ದಂಡೆಯಲ್ಲಿ
ಹನ್ನೊಂದು ರಾತ್ರಿಯ ರನ್‌ವೇ ದೀಪಗಳು
ಹಿಂದಕ್ಕೆ ಹೋಗಿ ಕಪ್ಪಾದವು.

ಆ ರಾತ್ರಿ ಕಂಬದ ತಲೆಯಲ್ಲಿದ್ದೆ,
ನೆಲದಿಂದ ಇನ್ನೂರ ಅರವತ್ತು ಅಡಿ, ಲೆಕ್ಕದ ಒಳಗೇ.
ದುರ್ಗದ ದೀಪಗಳು ಕೆಳಗೆ ಚೆಲ್ಲಿದ ಅವರೆಕಾಳು.
ಮೇಲೆ, ಬಹಳ ಮೇಲೆ, ಸದ್ದು ಬರುವ ಮುಂಚೆ
ಕೆಂಪು ದೀಪವೊಂದು ಮಿಟುಕುತ್ತ ತೆಂಕಣಕ್ಕೆ ಸಾಗಿತು,
ಕೋಟೆಯನ್ನೂ ಕಾಟಯ್ಯನ ಮಂದೆಯನ್ನೂ ದಾಟಿ,
ಇಲ್ಲಿ ಏರದೆ, ಇಲ್ಲಿ ಇಳಿಯದೆ.

ನೀಲಿ ಪುಸ್ತಕ ತೆಗೆದೆ.
ಒಂಬತ್ತು ನಲವತ್ತು, ಒಂದು ವಿಮಾನ.
ಬರೆಯಲು ಕಲಮಿರಲಿಲ್ಲ.
ಗ್ರೀಸಿನ ಕಲಮಿನಲ್ಲಿ ಬರೆದೆ.