ಗಸ್ತಿನ ಪುಸ್ತಕ

ಟ್ಯಾಮರಾಕ್ ಫೆರಿ ತನ್ನನ್ನು ತಾನೇ ನಗರವೆಂದು
ಠರಾವು ಮಾಡಿಕೊಂಡ ವರ್ಷ
ಪೊಲೀಸು ಇಲಾಖೆಯೆಂದರೆ ಒಬ್ಬನೇ ಒಬ್ಬ,
ಅನ್ಸ್‌ಗರ್ ಲುಂಡೆ.
ಗರಗಸದ ಗಿರಣಿಯಲ್ಲಿ ದಿಮ್ಮಿ ಉರುಳಿಸಿದವ,
ಎಡಗೈಗೆ ಮೂರೇ ಬೆರಳು.

ಊರು ಕೊಟ್ಟದ್ದು ಒಂದು ಲಾಟೀನು, ಒಂದು ಸೀಟಿ,
ತಗಡಿನ ನಕ್ಷತ್ರ,
ಕೀಲಿಕೈ ಕಳೆದುಹೋದ ಒಂದು ಜೊತೆ ಬೇಡಿ.
ಕೋಟು ಮಾತ್ರ ಅವನದೇ.
ಸೀಮೆಎಣ್ಣೆಗೆ ತಿಂಗಳಿಗೊಂದು ಡಾಲರು;
ಬೆಳದಿಂಗಳು ಬಿದ್ದ ರಾತ್ರಿಗಳ ಲೆಕ್ಕ ಹಿಡಿದು
ಅದರಲ್ಲೂ ಮುರಿದುಕೊಳ್ಳುತ್ತಿದ್ದರು.

ಮೊದಲ ಪುಟ:
'ಲೂಥರನ್ ಚರ್ಚಿನೊಳಗೆ ಹಂದಿ. ಹೊರಗಟ್ಟಿದೆ.
ತನ್ನದೆಂದು ಯಾರೂ ಒಪ್ಪಲಿಲ್ಲ.'
ಹನ್ನೊಂದನೆಯದು:
'ಕುಡಿದು ಸೇತುವೆಯ ಮೇಲೆ ಹಾಡಿದ್ದಕ್ಕೆ
ಅ. ಲುಂಡೆಗೆ ಎರಡು ಡಾಲರು ದಂಡ.
ವಸೂಲು ಮಾಡಿದವನು ಅ. ಲುಂಡೆ.'
ಆಮೇಲೆ ಹಾಳೆ ಮಗುಚಿದಷ್ಟೂ
ನಿಬ್ಬು ಒತ್ತಿ ಬರೆದ ಒಂದೇ ಸಾಲು:
'ರಾತ್ರಿ ಶಾಂತ.'

ಫೆಬ್ರವರಿ ಒಂಬತ್ತೂ ಹಾಗೇ. ರಾತ್ರಿ ಶಾಂತ.

ಆ ರಾತ್ರಿಯೇ
ನದಿಬೀದಿಯಲ್ಲಿ ಮೋಯ್ ಹೋಕ್‌ಫುಂಗನ ಲಾಂಡ್ರಿ ಹೊತ್ತಿದ್ದು,
ಕಾದ ಇಸ್ತ್ರಿಪೆಟ್ಟಿಗೆಗಳು ಹಿಮಕ್ಕೆ ಬಿದ್ದು ಚುರ್ರೆಂದದ್ದು,
ಊರಿನ ಅಂಗಿಗಳು
ಊರವರ ಕೈಯಲ್ಲೇ ಬೂದಿಯಾದದ್ದು
ವಿಮೆಯವರ ಕಾಗದದಲ್ಲಿದೆ. ಪುಸ್ತಕದಲ್ಲಿಲ್ಲ.
ಮೂವತ್ತು ವರ್ಷ ಈ ದಾಖಲೆಕೋಣೆಯ ಧೂಳು ಕುಡಿದ ನಾನು
ಅವನನ್ನು ಹೇಡಿಗಳ ಸಾಲಿನಲ್ಲೇ ಕೂರಿಸಿದ್ದೆ.

ಮೊನ್ನೆ ಅವನ ಮರಿಮಗಳು
ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ ತಂದಿಟ್ಟಳು.
ಒಳಗೆ ಹೆಂಡತಿ ಬೋರ್ಗಿಲ್ಡಳ ಅಡುಗೆಲೆಕ್ಕ:
ಕೈದಿಯೊಬ್ಬನಿಗೆ ಹೊತ್ತಿಗೆ ಎಂಟು ಸೆಂಟು,
ಊರು ಕೊಡಬೇಕಾದದ್ದು, ಕೊಡದೆ ಸತಾಯಿಸಿದ್ದು.
ಫೆಬ್ರವರಿ ಒಂಬತ್ತಕ್ಕೆ:
'ಇಬ್ಬರಿಗೆ ಗಂಜಿ. ಒಬ್ಬರು ಮುಟ್ಟಲಿಲ್ಲ.
ಅನ್ಸ್‌ಗರ್ ಒಳಗಿನಿಂದ ಅಗುಳಿ ಹಾಕಿಕೊಂಡಿದ್ದಾನೆ,
ಕಿಟಕಿಯ ಸರಳಿನ ಸಂದಿಯಲ್ಲಿ ಕೊಟ್ಟೆ.'
ಹತ್ತಕ್ಕೂ ಇಬ್ಬರು. ಹನ್ನೊಂದಕ್ಕೂ.
'ಊರಿಗೆ ಲೆಕ್ಕ ಕಳಿಸುವುದಿಲ್ಲ.'
ಹನ್ನೆರಡಕ್ಕೆ ಸೀಸದಕಡ್ಡಿಯಲ್ಲಿ, ಓರೆಯಾಗಿ:
'ನಸುಕಿನ ರೈಲು. ಕೋಟು ಹೋಯಿತು.'

ಇಲಾಖೆಯ ಮೊದಲ ಫೋಟೋ ನನ್ನ ಮೇಜಿನ ಹಿಂದೆಯೇ ಇದೆ.
ಮಾರ್ಚ್ ತಿಂಗಳು, ಮೊಣಕಾಲುದ್ದ ಹಿಮ,
ಬರೀ ಅಂಗಿಯಲ್ಲಿ ನಿಂತಿದ್ದಾನೆ,
ನಕ್ಷತ್ರವನ್ನು ಷರಾಯಿಯ ಭುಜಪಟ್ಟಿಗೆ ಸಿಕ್ಕಿಸಿಕೊಂಡು.
ನೋಡಲು ಬರುವ ಶಾಲೆಮಕ್ಕಳಿಗೆ
ಇಷ್ಟು ವರ್ಷ ಹೇಳುತ್ತ ಬಂದಿದ್ದೆ:
ಆಗಿನವರಿಗೆ, ಮಕ್ಕಳೇ,
ಚಳಿಯೇ ತಾಗುತ್ತಿರಲಿಲ್ಲ.