ಸೊಂಟದೆತ್ತರದ ಮಣ್ಣು

ಮೊದಲು ತುಕ್ಕು ಹಿಡಿದ ಡಬ್ಬಿಗಳು. ಎಸೆಯಬೇಡಿ.
ಮೀನಿನ ಡಬ್ಬಿ, ಹಾಲುಪುಡಿಯ ಡಬ್ಬಿ, ತಳಕ್ಕೆ ಹರಡಿ,
ಮಣ್ಣಿಗೂ ರಕ್ತ ಬೇಕು, ರಕ್ತಕ್ಕೆ ಕಬ್ಬಿಣ.
ಅದರ ಮೇಲೆ ಒಣಹುಲ್ಲು, ಒಲೆಯ ಬೂದಿ, ದೊಡ್ಡಿಯ ಗೊಬ್ಬರ.
ಆಮೇಲೆ ಮಣ್ಣು. ಮತ್ತೆ ಹುಲ್ಲು, ಮತ್ತೆ ಬೂದಿ.
ನಟ್ಟನಡುವೆ ಹುಲ್ಲಲ್ಲಿ ಹೆಣೆದ ಬುಟ್ಟಿ ನೆಟ್ಟಗೆ ನಿಲ್ಲಲಿ,
ಮುಸುರೆ ನೀರು ಹೊಯ್ಯುವುದು ಅಲ್ಲಿಗೆ,
ಅದು ಈ ತೋಟದ ಬಾಯಿ.

ಹೀಗೆ ಹೇಳುತ್ತಾ ನ್ತಾತೆ ಲೆಬೂಸಾ
ಪೆಯಿಂಟಿನ ಡಬ್ಬ ಕವುಚಿ ಹಾಕಿ ಅದರ ಮೇಲೆ ಕೂತಿರುತ್ತಿದ್ದ.
ನ್ತಾತೆ ಅಂದರೆ ಅಪ್ಪ. ನಮ್ಮಲ್ಲಿ
ಊರಿನ ಗಂಡಸರೆಲ್ಲ ಊರಿನ ಮಕ್ಕಳಿಗೆ ಅಪ್ಪಂದಿರೇ,
ಅನ್ನ ಹಾಕುವವರು ಕೆಲವರು ಮಾತ್ರ.

ಹದಿನೆಂಟು ವರ್ಷ ವೆಲ್ಕೊಮ್‌ನ ಚಿನ್ನದ ಗಣಿಯಲ್ಲಿ
ಬಗ್ಗಿ, ತೆವಳಿ, ಮತ್ತೆ ಬಗ್ಗಿ ದುಡಿದವನು.
ಚಿನ್ನ ಎತ್ತಲೋ ಹೋಯಿತು.
ಧೂಳು ಮಾತ್ರ ಇವನ ಜೊತೆ ಲೆಸೊಥೊಗೆ ಬಂತು,
ಎದೆಯೊಳಗೆ ಕೂತು, ಟಿಕೆಟ್ಟಿಲ್ಲದೆ.
ಒಂದು ಮಾತಿಗೆ ಎರಡು ಉಸಿರು.
"ಕಲ್ಲಿಗೆ..." ಅಂದು ನಿಲ್ಲಿಸುತ್ತಿದ್ದ. ನಾವು ಕಾಯುತ್ತಿದ್ದೆವು.
"ಕಲ್ಲಿಗೆ ಮುಖ ಇರುತ್ತದೆ. ಹುಡುಕು."

ನಾವು ಒಂಬತ್ತು ಜನ.
ಶಾಲೆಯನ್ನು ಬಿಟ್ಟವರು, ಶಾಲೆಯೇ ಕೈಬಿಟ್ಟವರು.
ಮೊಸಿಯುವಾ ಬೆಟ್ಟದಿಂದ ಇಳಿದು ಬರುತ್ತಿದ್ದ, ಕುರಿ ಕಾಯುವವನು,
ಕಂಬಳಿ ತುಂಬ ಹೊಗೆಯ ವಾಸನೆ.
ಪುಸೆಲೆಟ್ಸೊ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡೇ ಕಲ್ಲು ಹೊರುತ್ತಿದ್ದಳು.
ನಾನು ಬಂದದ್ದು, ಸುಳ್ಳೇಕೆ,
ಮಧ್ಯಾಹ್ನ ಸಿಗುವ ಮೆಕ್ಕೆಜೋಳದ ಮುದ್ದೆಗೆ.

"ಗೋಡೆ ಇಷ್ಟೆತ್ತರ ಯಾಕೆ?" ಕೇಳಿದಳು ಲಿಂಫೊ, ಕೈ ತರಚಿಕೊಂಡು.
"ನೆಲದ ಮೇಲೆ ಬೆಳೆಯುವುದಿಲ್ಲವೇ ಸೊಪ್ಪು? ನೆಲ ಏನು ಪಾಪ ಮಾಡಿತ್ತು?"
ಅವನು ಉತ್ತರ ಕೊಡಲಿಲ್ಲ.
ಸಂಜೆ ಅವಳ ಕೈಗೊಂದು ಕಟ್ಟು ಸೊಪ್ಪು ಕೊಟ್ಟು
ಹೊಳೆಯಾಚೆಯ ಮಾಲಿನೆಯೊ ಮನೆಗೆ ಕಳಿಸಿದ.
ಆ ಹೆಂಗಸು ಬಗ್ಗಿದರೆ ಏಳಲಾರಳು.
ಒಲೆಗೆ ಪುಳ್ಳೆ ಒಡ್ಡಲು ನೆರೆಮನೆಯವರನ್ನು ಕೂಗುತ್ತಾಳೆ.
ಮರುದಿನ ಲಿಂಫೊ ಒಂದು ದಾರ ತಂದಳು,
ಮಾಲಿನೆಯೊ ಸೊಂಟ ಎಲ್ಲಿಗೆ ಬರುತ್ತದೋ ಅಲ್ಲಿ ಗಂಟು.

ಅಲ್ಲಿಂದ ಮುಂದೆ ಮನೆಗೊಂದು ದಾರ.
ಕೊಟ್ಟಿಗೆಯ ಮೊಳೆಗೆ ನೇತುಬಿದ್ದವು ಇಪ್ಪತ್ತಮೂರು,
ಕುಂಟನದು, ಕುರುಡಿಯದು,
ಅಜ್ಜಿಯೂ ಮೊಮ್ಮಗಳೂ ಇಬ್ಬರೇ ಇರುವ ಮನೆಯದಕ್ಕೆ ಎರಡು ಗಂಟು.

ಮೊದಲ ಕೊಯ್ಲು ನಮ್ಮದಲ್ಲ, ಅದು ಕಟ್ಟಳೆ.
ನನಗೆ ಹೊಟ್ಟೆಯೂ ಉರಿಯಿತು, ಹಸಿವೂ ಇತ್ತು.
ಮೂರು ಬೀಟ್‌ರೂಟ್ ಕಂಬಳಿಯೊಳಗೆ ಇಟ್ಟು ಹಸಿಯಾಗಿಯೇ ತಿಂದೆ.
ತುಟಿ ಕೆಂಪಗೆ ಸಾಕ್ಷಿ ಹೇಳಿತು.
"ನಾಳೆಯಿಂದ" ಒಂದು ಉಸಿರು "ಹಂಚುವ ಕೆಲಸ ನಿನ್ನದು."
ಹನ್ನೊಂದು ಬಾಗಿಲು ತಟ್ಟಿದೆ.
ಹನ್ನೊಂದರಲ್ಲೂ ನನ್ನ ತುಟಿ ನೋಡಿದರು ಅನ್ನಿಸಿತು.

ಜೂನ್ ತಿಂಗಳ ಹಿಮ ಕ್ಯಾರೆಟ್ಟಿನ ತಲೆ ಸುಟ್ಟಿತು.
ಅದೇ ವಾರ ಅವನನ್ನು ಮಾಫೆಟೆಂಗ್ ಆಸ್ಪತ್ರೆಗೆ ಒಯ್ದರು.
ಅವನ ದಾರ ಯಾರೂ ತೆಗೆದಿರಲಿಲ್ಲ.
ಪೆಯಿಂಟಿನ ಡಬ್ಬದ ಮೇಲೆ ಮೊಸಿಯುವಾನನ್ನು ಕೂರಿಸಿ
"ಇಷ್ಟು ಬಾಗು, ಹಾಗೆ ಅಲ್ಲ, ಅವನಂತೆ" ಎಂದು ಜಗಳಾಡಿ
ನೆನಪಿನಿಂದ ಗಂಟು ಹಾಕಿದೆವು.
ನಾಲ್ಕು ದಿನದಲ್ಲಿ ಅವನ ಅಂಗಳದಲ್ಲಿ ಗೋಡೆ.

ಬಂದ. ಕೂತ. ಮೊಣಕೈ ತಾನಾಗಿ ಮಣ್ಣಿನ ಮೇಲೆ ಒರಗಿತು.
ನಾವು ಮುಖ ಮುಖ ನೋಡಿಕೊಂಡೆವು.
ಅವನು ಮೂರನೇ ವರಸೆಯಿಂದ ಒಂದು ಕಲ್ಲು ಎಳೆದ,
ಅರ್ಧ ಗೋಡೆ ದಬದಬನೆ ಕುಸಿಯಿತು.
"ಇದರ ಮುಖ ಆ ಕಡೆ."

ಮತ್ತೆ ಕಟ್ಟಿದೆವು, ಬೈದುಕೊಳ್ಳುತ್ತಾ, ಕತ್ತಲಾಗುವ ತನಕ.
ಪುಸೆಲೆಟ್ಸೊ ತಮ್ಮ, ಈಗ ನಡೆಯಲು ಕಲಿತವನು,
ಅಕ್ಕನ ತೋಳೇರಿ ಬುಟ್ಟಿಯ ಬಾಯಿಗೆ
ಒಂದು ಲೋಟ ಮುಸುರೆ ಸುರಿದು,
"ಕುಡಿ" ಅಂದ.